ಎಂಬಿ ಲೆಕ್ಕ ಹಾಕಿದಿರಿ, ಬಾಗಿಲ ಲೆಕ್ಕ?

ಓದುಗರೊಬ್ಬರ ಪತ್ರ: "ಹತ್ತು ಸಾಲಿನ ಪೈಥಾನ್ ಕೋಡನ್ನು ಕಾಂಪೊನೆಂಟೈಝ್-ಪೈ ಎಂಬ ಉಪಕರಣ ಬಳಸಿ ವೆಬ್‌ಅಸೆಂಬ್ಲಿ ಕಾಂಪೊನೆಂಟ್ (ಬೇರೆ ಭಾಷೆಯ ಕೋಡಿಗೂ ಜೋಡಿಸಬಹುದಾದ, ತನ್ನದೇ ಗೋಡೆಯೊಳಗೆ ಓಡುವ ತುಣುಕು) ಮಾಡಿದೆ. ಹತ್ತಾರು ಎಂಬಿ ಫೈಲ್ ಬಂತು, ವೇಗವೂ ಹೆಚ್ಚಲಿಲ್ಲ. ಆ್ಯಪನ್ನು ಡಬ್ಬಿಯಲ್ಲಿಟ್ಟು ಓಡಿಸಲು ಡಾಕರ್ ಇರುವಾಗ ಈ ತಲೆನೋವು ಯಾಕೆ?"

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಆ ಫೈಲಿನಲ್ಲಿ ನಿಮ್ಮ ಕೋಡಿನ ಜೊತೆ ಪೈಥಾನ್ ಓಡಿಸುವ ಸಿಪೈಥಾನ್ ಇಂಟರ್‌ಪ್ರಿಟರ್ ಮತ್ತು ಸ್ಟ್ಯಾಂಡರ್ಡ್ ಲೈಬ್ರರಿ ಕೂತಿರುತ್ತವೆ. ಸಿ ಭಾಷೆಯ ಎಕ್ಸ್‌ಟೆನ್ಷನ್ ಇರುವ ಪ್ಯಾಕೇಜ್ ಬೇಕಾದರೆ ಅದನ್ನೂ ವಾಸಿಗಾಗಿ (ವೆಬ್‌ಅಸೆಂಬ್ಲಿ ಕೋಡ್ ಫೈಲ್ ಮುಂತಾದವನ್ನು ಹೊರಗಿನಿಂದ ಕೇಳುವ ನಿಯಮಾವಳಿ) ಬೇರೆ ಬಿಲ್ಡ್ ಮಾಡಬೇಕು. ಒಪ್ಪಿದೆ, ಮುಂದೆ ಹೋಗೋಣ.

ಮೊದಲು ಒಂದು ವಿಟ್ ಫೈಲ್ (ಕಾಂಪೊನೆಂಟಿನ ಬಾಗಿಲುಗಳ ಪಟ್ಟಿ) ಬರೆದಿರಲ್ಲ, ಅದರ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ! ನನಗೆ ಬೇಜಾರಾಗಿದ್ದು ಅದಕ್ಕೇ. ಹೊರಗೆ ಯಾವ ಫಂಕ್ಷನ್ ಕೊಡುತ್ತೇನೆ, ಹೊರಗಿನಿಂದ ನನಗೇನು ಬೇಕು, ಎರಡನ್ನೂ ಟೈಪ್ ಸಮೇತ ಅಲ್ಲಿ ಬರೆಯಬೇಕು. ರಸ್ಟ್‌ನಲ್ಲಿ ಬರೆದ ಕಾಂಪೊನೆಂಟೊಂದು ನಿಮ್ಮ ಪೈಥಾನ್ ಫಂಕ್ಷನ್ ಕರೆದು ಸ್ಟ್ರಿಂಗ್, ಲಿಸ್ಟ್ ಪಡೆಯುವುದು ಆ ಒಪ್ಪಂದದ ಮೇಲೆಯೇ. ಎರಡರ ಮೆಮೊರಿ ಬೇರೆ ಬೇರೆ. ಒಂದು ಇನ್ನೊಂದರದನ್ನು ಇಣುಕಿ ನೋಡುವಂತಿಲ್ಲ.

2022ರ ಮೇ ತಿಂಗಳು ನೆನಪಿದೆಯಾ? ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐನಲ್ಲಿದ್ದ 'ಸಿಟಿಎಕ್ಸ್' ಎಂಬ ಪುಟ್ಟ ಪ್ಯಾಕೇಜ್ ಕಿಡಿಗೇಡಿಯೊಬ್ಬನ ಕೈಸೇರಿತು. ಬಳಸಿದವರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಅಲ್ಲಿಟ್ಟ ರಹಸ್ಯ ಕೀಲಿಗಳನ್ನು, ಸದ್ದಿಲ್ಲದೆ ಹೊರಗೆ ಕಳಿಸತೊಡಗಿತು. ನಿಮ್ಮ ಡಾಕರ್ ಇಡೀ ಆ್ಯಪ್‌ಗೆ ಒಂದೇ ಬೇಲಿ ಹಾಕುತ್ತದೆ. ಬೇಲಿಯೊಳಗೆ ಯಾವ ಪ್ಯಾಕೇಜ್ ಏನು ಬೇಕಾದರೂ ಮುಟ್ಟಬಹುದು. ಅನುಮಾನದ ಪ್ಯಾಕೇಜನ್ನು ಪ್ರತ್ಯೇಕ ಕಾಂಪೊನೆಂಟಿನಲ್ಲಿಟ್ಟು, ಕಾಂಪೊನೆಂಟ್ ಓಡಿಸುವ ತಂತ್ರಾಂಶವಾದ ವಾಸ್ಮ್‌ಟೈಮ್‌ನಲ್ಲಿ ಓಡಿಸಿ. ನೀವಾಗಿ ಕೊಡದೆ ಒಂದು ಫೋಲ್ಡರೂ ಅದಕ್ಕೆ ಸಿಗುವುದಿಲ್ಲ, ಒಂದು ವೇರಿಯಬಲ್ಲೂ ಸಿಗುವುದಿಲ್ಲ. (ಎಲ್ಲವನ್ನೂ ಒಂದೇ ಕಾಂಪೊನೆಂಟಿಗೆ ತುಂಬಿದರೆ ಈ ಲಾಭ ಇಲ್ಲ, ಅದೂ ಗೊತ್ತಿರಲಿ.)

ವೇಗದ ಬಗ್ಗೆಯೂ ಒಂದು ಮಾತು. ಕಾಂಪೊನೆಂಟೈಝ್-ಪೈ ಬಿಲ್ಡ್ ಸಮಯದಲ್ಲೇ ನಿಮ್ಮ ಇಂಪೋರ್ಟ್‌ಗಳನ್ನು ಓಡಿಸಿ, ಆಗಿನ ಮೆಮೊರಿಯನ್ನು ಹಾಗೇ ಫೈಲಿನಲ್ಲಿ ಉಳಿಸುತ್ತದೆ. ಹಾಗಾಗಿ ಪ್ರತಿ ಸಲ ಆ ಕೆಲಸ ಮೊದಲಿನಿಂದ ಆಗಬೇಕಿಲ್ಲ. ಇದನ್ನು ನೀವು ಅಳೆದು ನೋಡಿದಂತಿಲ್ಲ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ನಮ್ಮ ಕಸುಬಿನವರೆಲ್ಲ ಹೀಗೇ. ಫೈಲ್ ದಪ್ಪಗಾದರೆ ಗಲಾಟೆ. ಪಿಪ್ ಇನ್‌ಸ್ಟಾಲ್ ಎಂದು ಒತ್ತಿ, ಮುಖ ಪರಿಚಯವಿಲ್ಲದವರ ಕೋಡಿಗೆ ಇಡೀ ಕಂಪ್ಯೂಟರ್ ಒಪ್ಪಿಸುವಾಗ ಯಾರೂ ತುಟಿ ಬಿಚ್ಚುವುದಿಲ್ಲ. "ಈ ಫಂಕ್ಷನ್‌ಗೆ ಏನೇನು ಬೇಕು?" ಎಂದರೆ "ಕೋಡ್ ನೋಡಿಕೊಳ್ಳಿ" ಅನ್ನುತ್ತಾರೆ. ಬರೆದಿಡುವುದೆಂದರೆ ಅಷ್ಟು ಕಷ್ಟ.

ವಾಸಿ 0.2 ಬಂದದ್ದೇ 2024ರ ಜನವರಿಯಲ್ಲಿ, ಉಪಕರಣಗಳು ಇನ್ನೂ ಎಳಸು. ಆದರೂ ನಿಮ್ಮ ಫೈಲನ್ನು ಕಾಂಪೊನೆಂಟ್ ಬಿಚ್ಚಿ ತೋರಿಸುವ ಉಪಕರಣವಾದ ವಾಸ್ಮ್-ಟೂಲ್ಸ್‌ಗೆ ಕೊಡಿ, ಅದು ಹೊರಗಿನಿಂದ ಏನೇನು ಕೇಳುತ್ತಿದೆ ಎಂದು ತೋರಿಸುತ್ತದೆ. ಪಟ್ಟಿ ಉದ್ದ ಇದ್ದರೆ ಗಾಬರಿ ಬೇಡ, ಅದು ಸಿಪೈಥಾನ್ ಕೇಳಿದ್ದು. ನಿಮ್ಮ ಕೋಡಿಗೆ ಅದ್ಯಾವುದೂ ಬೇಡವಾದರೆ ಆ ಬೇಡಿಕೆಗಳನ್ನು ಕೈಬಿಡುವ 'ಸ್ಟಬ್-ವಾಸಿ' ಆಯ್ಕೆ ಹಾಕಿ ಮತ್ತೊಮ್ಮೆ ಬಿಲ್ಡ್ ಮಾಡಿ, ಆಮೇಲೆ ಬರೆಯಿರಿ.