ಸೇವ್ ಆಗಿದೆ ಅಂದಿತ್ತು, ಕರೆಂಟ್ ಬಂದಾಗ ಫೈಲ್ ಖಾಲಿ

ಪ್ರಶ್ನೆ: ಅಪ್ಪನ ದಿನಸಿ ಅಂಗಡಿಗೆ ಪೈಥಾನ್‌ನಲ್ಲಿ ಸಣ್ಣದೊಂದು ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಪ್ರತಿ ಬಿಲ್ ಆದ ಮೇಲೆ ಸ್ಟಾಕ್ ಲೆಕ್ಕವೆಲ್ಲ ಒಂದೇ ಜೇಸನ್ ಫೈಲಿಗೆ ಸೇವ್ ಆಗುತ್ತದೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ಫೈಲ್ ಇದೆ, ಒಳಗೆ ಏನೂ ಇಲ್ಲ, ಸೊನ್ನೆ ಬೈಟ್! ಎರರ್ ಕೂಡ ಬಂದಿರಲಿಲ್ಲ. ಮೆಷಿನ್ ಲಿನಕ್ಸ್. ಡಿಸ್ಕ್ ಕೆಟ್ಟಿದೆಯಾ?
– ಒಬ್ಬ ಓದುಗ, ತಿಪಟೂರು

ಉತ್ತರ: ಡಿಸ್ಕನ್ನು ಬಯ್ಯಬೇಡಿ, ಪಾಪ, ಅದು ಹೇಳಿದ್ದನ್ನೇ ಮಾಡಿರಬೇಕು. ನೀವು ಫೈಲನ್ನು ‘ಡಬ್ಲ್ಯೂ’ ಮೋಡ್‌ನಲ್ಲಿ ಓಪನ್ ಮಾಡುತ್ತಿದ್ದೀರಿ, ಅಲ್ವಾ? ಓಪನ್ ಆದ ಕ್ಷಣಕ್ಕೇ ಹಳೇ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ. ಹೊಸದು ಇನ್ನೂ ಒಂದಕ್ಷರವೂ ಬಂದಿರುವುದಿಲ್ಲ. ಹೊಸ ಮನೆಗೆ ಪಾಯ ತೋಡುವ ಮೊದಲೇ ಹಳೇ ಮನೆ ಕೆಡವಿದ ಹಾಗೆ, ಮಧ್ಯೆ ಮಳೆ ಬಂದರೆ ಬೀದಿಯೇ ಗತಿ.

ಅದರ ಮೇಲೆ ಇನ್ನೊಂದು ಮೋಸ ಇದೆ. ರೈಟ್ ಮಾಡಿದ್ದು ಮೊದಲು ಪೈಥಾನಿನ ಸ್ವಂತ ಬಫರ್‌ನಲ್ಲಿ (ತಾತ್ಕಾಲಿಕ ಜಾಗದಲ್ಲಿ) ಕೂರುತ್ತದೆ, ಫ್ಲಷ್ (ಬಫರ್ ಖಾಲಿ) ಅಥವಾ ಕ್ಲೋಸ್ ಮಾಡಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪೇಜ್ ಕ್ಯಾಶ್‌ಗೆ ಹೋಗುತ್ತದೆ, ಅದೂ ರ‍್ಯಾಮ್‌ನಲ್ಲೇ ಇರುವುದು, ಅಲ್ಲಿಂದ ಡಿಸ್ಕಿಗೆ ಯಾವಾಗ ಅಂದರೆ ಕರ್ನಲ್‌ಗೆ ಮನಸ್ಸು ಬಂದಾಗ. ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ಕಾದರೂ ಅದಕ್ಕೆ ತಪ್ಪಿಲ್ಲ. ಅಷ್ಟರಲ್ಲಿ ಕರೆಂಟ್ ಹೋದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದಾರಿ ಹೀಗೆ. ಹಳೇ ಫೈಲನ್ನು ಮುಟ್ಟಲೇಬೇಡಿ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ಟೆಂಪ್ ಫೈಲ್ ಮಾಡಿ, ಪೂರ್ತಿ ಬರೆಯಿರಿ, ಫ್ಲಷ್ ಮಾಡಿ, ಆಮೇಲೆ ಓಎಸ್.ಎಫ್‌ಸಿಂಕ್ ಕರೆಯಿರಿ. ‘ಡಿಸ್ಕಿಗೆ ಹೋಗುವ ತನಕ ನಾನು ಇಲ್ಲಿಂದ ಏಳಲ್ಲ’ ಅಂತ ಕರ್ನಲ್ ಮುಂದೆ ಧರಣಿ ಕೂರುವುದು ಅದೇ. ಅದು ಮುಗಿದ ಮೇಲಷ್ಟೇ ಓಎಸ್.ರಿಪ್ಲೇಸ್‌ನಿಂದ ಟೆಂಪ್ ಫೈಲಿಗೆ ಅಸಲಿ ಹೆಸರು ಕೊಡಿ. ಹೆಸರು ಬದಲಾಗುವುದು ಒಂದೇ ಏಟಿಗೆ. ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ. ಅರ್ಧಂಬರ್ಧ ಸಿಗುವುದಿಲ್ಲ. ಕೊನೆಗೆ ಆ ಫೋಲ್ಡರನ್ನೂ ಓಪನ್ ಮಾಡಿ ಒಮ್ಮೆ ಎಫ್‌ಸಿಂಕ್ ಮಾಡಿ, ಇಲ್ಲದಿದ್ದರೆ ಹೆಸರು ಬದಲಾದ ವಿಷಯವೇ ಡಿಸ್ಕಿಗೆ ಹೋಗದೆ ಕೊನೇ ಬಿಲ್ ಮಾಯವಾಗಬಹುದು.

ಇದರಲ್ಲಿ ಎಲ್ಲರೂ ಬಿಡುವುದು ಎಫ್‌ಸಿಂಕನ್ನೇ. 2009ರಲ್ಲಿ ಎಕ್ಸ್ಟ್4 ಎಂಬ ಲಿನಕ್ಸ್ ಫೈಲ್‌ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹೊಸದಾಗಿದ್ದಾಗ ಮೆಷಿನ್ ಕ್ರ್ಯಾಶ್ ಆದ ಮೇಲೆ ಎಷ್ಟೋ ಜನರ ಡೆಸ್ಕ್‌ಟಾಪ್ ಸೆಟ್ಟಿಂಗ್ ಫೈಲುಗಳು ನಿಮ್ಮದರ ಹಾಗೇ ಸೊನ್ನೆ ಬೈಟ್ ಆಗಿ ದೊಡ್ಡ ಜಗಳವೇ ನಡೆಯಿತು. ಅದಕ್ಕೆ ಮುಂಚಿನ ಎಕ್ಸ್ಟ್3 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಬರೆದುಬಿಡುತ್ತಿತ್ತು, ಹಾಗಾಗಿ ತಪ್ಪು ಕೋಡ್ ಕೂಡ ಸುಮ್ನೆ ನಡೆದುಹೋಗುತ್ತಿತ್ತು. ಎಕ್ಸ್ಟ್4 ಡಿಸ್ಕಿನಲ್ಲಿ ಜಾಗ ಹಂಚುವುದನ್ನೇ ಮುಂದೆ ಹಾಕುತ್ತದೆ. ಅದರ ಮುಖ್ಯ ಡೆವಲಪರ್ ಟೆಡ್ ತ್ಸೋ, ಎಫ್‌ಸಿಂಕ್ ಮಾಡಬೇಕಾದ್ದು ಪ್ರೋಗ್ರಾಂ ಬರೆಯುವವರ ಕೆಲಸ ಎಂದು ವಾದಿಸಿದರು. ಆದರೂ ಇಂಥ ಕೋಡಿಗೆ ಆಸರೆಯಾಗುವ ಬದಲಾವಣೆ ಮಾಡಿಕೊಟ್ಟರು. ನನ್ನ ಮತ ಅವರ ಕಡೆಗೇ. ಆ ಆಸರೆ ಇದ್ದರೂ ನಿಮ್ಮ ‘ಡಬ್ಲ್ಯೂ’ ಮೋಡ್‌ನ ಮಧ್ಯದ ಅಂತರ ಪೂರ್ತಿ ಮುಚ್ಚುವುದಿಲ್ಲ.

ಪ್ರಶ್ನೆ: ಟೆಂಪ್ ಫೈಲನ್ನು /ಟಿಎಂಪಿ (ತಾತ್ಕಾಲಿಕ ಫೈಲುಗಳ ಫೋಲ್ಡರ್) ಒಳಗೆ ಮಾಡಿ ರೀನೇಮ್ ಮಾಡಿದರೆ ‘ಕ್ರಾಸ್ ಡಿವೈಸ್’ ಅಂತ ಎರರ್ ಬರುತ್ತದೆ. ಬದಲಿಗೆ ಮೂವ್ ಬಳಸಿದೆ, ಈಗ ಸರಿಹೋಗಿದೆ. ಅಲ್ವಾ?
– ಓದುಗರು, ಶಿರಸಿ

ಉತ್ತರ: ಎರರ್ ಹೋಗಿದೆ, ಸಮಸ್ಯೆ ವಾಪಸ್ ಬಂದಿದೆ! /ಟಿಎಂಪಿ ಬೇರೆ ಫೈಲ್‌ಸಿಸ್ಟಂ ಆಗಿದ್ದರೆ ರೀನೇಮ್ ಸಾಧ್ಯವಿಲ್ಲ. ಆಗ ಮೂವ್ ಒಳಗೊಳಗೇ ಕಾಪಿ ಮಾಡಿ ಹಳೆಯದನ್ನು ಅಳಿಸುತ್ತದೆ, ಕಾಪಿ ಅರ್ಧದಲ್ಲಿ ನಿಲ್ಲಬಹುದು. ಅದಕ್ಕೇ ಮೇಲೆ ‘ಅದೇ ಫೋಲ್ಡರ್’ ಅಂದಿದ್ದು. ಇನ್ನೊಂದು ಸಣ್ಣ ವಿಷಯ, ಪೈಥಾನಿನ ಟೆಂಪ್‌ಫೈಲ್ ಮಾಡ್ಯೂಲ್ ಮಾಡಿಕೊಡುವ ಫೈಲನ್ನು ಮಾಡಿದವರು ಮಾತ್ರ ಓದಬಹುದು. ರಿಪ್ಲೇಸ್ ಆದ ಮೇಲೆ ಬೇರೆ ಯೂಸರ್‌ಗೆ ಫೈಲ್ ತೆರೆಯದೆ ನೀವು ಅರ್ಧ ದಿನ ತಲೆ ಕೆರೆದುಕೊಳ್ಳುತ್ತೀರಿ. ನಾನು ಕೆರೆದುಕೊಂಡಿದ್ದೇನೆ.

ಪ್ರಶ್ನೆ: ಎಫ್‌ಸಿಂಕೇ ಎರರ್ ಕೊಟ್ಟರೆ? ಲೂಪ್ ಹಾಕಿ ಮತ್ತೆ ಮತ್ತೆ ಕರೆಯಲಾ?
– ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಮಾಡಿದವರೇ ವರ್ಷಗಟ್ಟಲೆ ಮತ್ತೆ ಕರೆದರೆ ಸರಿಹೋಗುತ್ತದೆ ಅಂತ ನಂಬಿ ಕೂತಿದ್ದರು. ಲಿನಕ್ಸ್‌ನಲ್ಲಿ ಒಮ್ಮೆ ಎಫ್‌ಸಿಂಕ್ ಫೇಲ್ ಆದರೆ ಕರ್ನಲ್ ಆ ಪೇಜುಗಳನ್ನು ‘ಬರೆದಾಯಿತು’ ಎಂಬ ಲೆಕ್ಕಕ್ಕೆ ಹಾಕಿಬಿಡಬಹುದು, ಎರಡನೇ ಸಲ ಕರೆದರೆ ಎಲ್ಲ ಸರಿ ಅನ್ನುತ್ತದೆ, ಡೇಟಾ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. ಇದು 2018ರಲ್ಲಿ ಬೆಳಕಿಗೆ ಬಂತು. ಆಮೇಲೆ ಪೋಸ್ಟ್‌ಗ್ರೆಸ್ ಇಂಥ ಕಡೆ ಮರುಯತ್ನ ಬಿಟ್ಟು, ತಾನೇ ಬಿದ್ದು, ಬದಲಾವಣೆಗಳನ್ನು ಬರೆದಿಟ್ಟುಕೊಂಡ ಲಾಗ್‌ನಿಂದ ಮತ್ತೆ ಏಳುವ ಹಾಗೆ ಬದಲಾಯಿತು. ನೀವು ಆ ಟೆಂಪ್ ಫೈಲನ್ನು ಎಸೆದು, ಮೊದಲಿನಿಂದ ಹೊಸದು ಬರೆಯಿರಿ. ಮತ್ತೆ ಎರರ್ ಬಂದರೆ ಬಳಸುವವರಿಗೆ ಜೋರಾಗಿ ಹೇಳಿ ನಿಲ್ಲಿಸಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ? ಯುಪಿಎಸ್ ಹಾಕಿದರೆ ಸಾಲದಾ?
– ಓದುಗರು, ಬಳ್ಳಾರಿ

ಉತ್ತರ: ಹಾಕಿ, ಒಳ್ಳೆಯದೇ. ಆದರೆ ಡಿಸ್ಕ್ ತುಂಬಿಹೋದರೆ ಯುಪಿಎಸ್ ಏನು ಮಾಡುತ್ತದೆ? ‘ಡಬ್ಲ್ಯೂ’ನಲ್ಲಿ ಹಳೆಯದು ಅಳಿಸಿಯಾಗಿದೆ, ಹೊಸದಕ್ಕೆ ಜಾಗ ಇಲ್ಲ. ರಗಳೆ ಬೇಡ ಅನ್ನುವವರು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ, ಈ ಕೆಲಸವನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಅಂಗಡಿ ಲೆಕ್ಕಕ್ಕಂತೂ ಜೇಸನ್‌ಗಿಂತ ಅದೇ ವಾಸಿ. ಸಾವಿರ ಸಾಲು ಸೇರಿಸುವಾಗ ಮಾತ್ರ ಎಲ್ಲವನ್ನೂ ಒಂದೇ ಟ್ರಾನ್ಸ್ಯಾಕ್ಷನ್‌ನಲ್ಲಿ (ಒಟ್ಟಿಗೇ ಸೇವ್ ಆಗುವ ಗಂಟಿನಲ್ಲಿ) ಕಟ್ಟಿ, ಇಲ್ಲದಿದ್ದರೆ ಸಾಲಿಗೊಂದು ಎಫ್‌ಸಿಂಕ್ ಆಗಿ ಬಸವನ ಹುಳುವಿನ ಹಾಗೆ ತೆವಳುತ್ತದೆ.

ಯಾವುದೇ ಮಾಡಿ, ಟೆಸ್ಟ್ ಮಾಡುವಾಗ ಬರೀ ಕಿಲ್ ಹೊಡೆದು ನೋಡಿ ಖುಷಿಪಡಬೇಡಿ. ಪ್ರೋಗ್ರಾಂ ಸತ್ತರೂ ಕರ್ನಲ್ ಬದುಕಿರುತ್ತದೆ, ಪೇಜ್ ಕ್ಯಾಶ್ ಹಾಗೇ ಇರುತ್ತದೆ, ಎಫ್‌ಸಿಂಕ್ ಮರೆತ ಕೋಡೂ ಪಾಸಾಗುತ್ತದೆ. ಒಂದು ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ಓಡುವ ನಕಲಿ ಕಂಪ್ಯೂಟರ್‌ನಲ್ಲಿ) ಓಡಿಸಿ, ಬರೆಯುತ್ತಿರುವಾಗಲೇ ಅದರ ಪವರ್ ಕಿತ್ತುಹಾಕಿ. ನಾಲ್ಕು ಸಲ ಅಲ್ಲ, ನಾನೂರು ಸಲ, ಅದಕ್ಕೊಂದು ಸ್ಕ್ರಿಪ್ಟ್ ಬರೆದು.