ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಲೇರಿಯಾ ನಿಯಂತ್ರಣ ತಗೊಂಡಿದ್ದೇನೆ. ಸೊಳ್ಳೆ ಮರಿ ಸಾಯಿಸೋಕೆ ಯಾವ ಗಿಡದ ಎಲೆ ಒಳ್ಳೇದು?

ಯಾವ ಎಲೆಯೂ ಬೇಡ.

ಬೇವು, ತುಳಸಿ, ಲಕ್ಕಿ ಸೊಪ್ಪು, ಸೀತಾಫಲದ ಬೀಜ ಎಲ್ಲ ಆಗಿಹೋಗಿವೆ. ಪ್ರಾಣಿಶಾಸ್ತ್ರ ವಿಭಾಗದ ಬೀರು ತೆಗೆದು ನೋಡಿ, ಇಂಥ ಹಳೇ ರಿಪೋರ್ಟ್ ಒಂದಾದರೂ ಸಿಗುತ್ತದೆ. ನನ್ನದೂ ಎಲ್ಲೋ ಒಂದು ಬೀರುವಿನಲ್ಲಿ ಧೂಳು ತಿನ್ನುತ್ತಾ ಬಿದ್ದಿದೆ.

ನಾನು ಓದಿದ್ದು ಮಂಗಳೂರಿನಲ್ಲಿ. ಅಲ್ಲಿ ಜ್ವರ ಅಂದರೆ ಮೊದಲು ‘ಮಲೇರಿಯಾ ಟೆಸ್ಟ್ ಮಾಡಿಸಿದ್ಯಾ?’ ಅಂತಲೇ ಕೇಳುತ್ತಿದ್ದರು. ಹಾಗಾಗಿ ನಾನೂ ಲಕ್ಕಿ ಸೊಪ್ಪಿನಿಂದ ಮಲೇರಿಯಾ ನಿಯಂತ್ರಣ ಅಂತ ವಿಷಯ ಬರೆದುಕೊಟ್ಟೆ. ಮರಿಗಳನ್ನು ತಂದದ್ದು ಹಾಸ್ಟೆಲ್ ಹಿಂದಿನ ಚರಂಡಿಯಿಂದ. ಮೆಸ್ಸಿನ ಸೌಟು ಒಮ್ಮೆ ಮುಳುಗಿಸಿದರೆ ಸಾಕು, ಬೇಕಾದಷ್ಟು. ಅಷ್ಟು ಸುಲಭವಾಗಿ ಸಿಕ್ಕಾಗಲೇ ಅನುಮಾನ ಬರಬೇಕಿತ್ತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗ್ರಾಫ್ ಕಡೆ ನೋಡಲೇ ಇಲ್ಲ. ಫೋಟೋ ಇದ್ದ ಪುಟ ತೆಗೆದು, ‘ಇದು ಯಾಕಪ್ಪಾ ತಲೆಕೆಳಗಾಗಿ ನೇತಾಡ್ತಾ ಇದೆ?’ ಅಂದರು. ನನಗೆ ಆಗಲೂ ಹೊಳೆಯಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ನೀವು ಹೀಗೆ ಸಿಕ್ಕಿಬೀಳಬಾರದು. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಹಿಂಭಾಗದಲ್ಲಿ ಉಸಿರಿನ ಕೊಳವೆ ಇಲ್ಲ. ಅದಕ್ಕೇ ಅದು ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡ ಮಲಗಿರುತ್ತದೆ. ಕ್ಯೂಲೆಕ್ಸ್ ಅನ್ನುವ ಇನ್ನೊಂದು ಬಗೆಯ ಸೊಳ್ಳೆಯ ಮರಿಗೆ ಉದ್ದ ಕೊಳವೆ ಇದೆ. ಅದರ ತುದಿ ಮಾತ್ರ ಮೇಲಿಟ್ಟು, ತಲೆ ಕೆಳಗೆ ಮಾಡಿ ಓರೆಯಾಗಿ ಜೋತುಬೀಳುತ್ತದೆ. ಬಿಳಿ ತಟ್ಟೆಗೆ ಸುರಿದರೆ ಬರಿಗಣ್ಣಿಗೇ ಗೊತ್ತಾಗುತ್ತದೆ. ಚರಂಡಿಯಲ್ಲಿದ್ದದ್ದು ಕ್ಯೂಲೆಕ್ಸ್. ಅದು ಆನೆಕಾಲು ರೋಗ ಹರಡಬಹುದು, ಮನುಷ್ಯರಿಗೆ ಮಲೇರಿಯಾ ಹರಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ ಸೊಪ್ಪಿನ ರಸ ಬೆರೆಸಿದ ಒಂದೊಂದು ಲೋಟಕ್ಕೆ 25 ಮರಿ ಬಿಟ್ಟು, 24 ಗಂಟೆ ಆದಮೇಲೆ ಸತ್ತದ್ದನ್ನು ಎಣಿಸಿ, ಎಲ್ಲ ಶಿಸ್ತಾಗಿ ಮಾಡಿದ್ದೆ. ಲೆಕ್ಕ ಸರಿ, ಸೊಳ್ಳೆಯೇ ಬೇರೆ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿಕೊಟ್ಟ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕೂಡ ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳನ್ನೇ ಸೀಳಿ ಸೀಳಿ ಸುಸ್ತಾಗಿದ್ದರು. ಮಧ್ಯೆ ಬೆಂಗಳೂರಿಗೂ ಬಂದು ಕೆಲಸ ಮಾಡಿ ಹೋದರು. ಚುಕ್ಕೆ ರೆಕ್ಕೆಯ ಸೊಳ್ಳೆಯ, ಅಂದರೆ ಅನಾಫಿಲಿಸ್‌ನ, ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡದ್ದು 1897ರ ಆಗಸ್ಟ್ 20ಕ್ಕೆ, ಸಿಕಂದರಾಬಾದಿನಲ್ಲಿ. ಅವರಿಗೆ 1902ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ಸೆಕೆಂಡ್ ಕ್ಲಾಸ್.

ಮಾರ್ಕ್ಸ್ ಹಾಳಾಗಿ ಹೋಗಲಿ. ಪೇಟೆಯಲ್ಲಿ ಮಲೇರಿಯಾ ಹಬ್ಬಿಸುವ ಅನಾಫಿಲಿಸ್ ಸ್ಟೀಫೆನ್ಸಿ ಇಷ್ಟಪಡುವುದು ಶುದ್ಧ ನೀರು. ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಹೊಸ ಸ್ಲ್ಯಾಬ್ ಮೇಲೆ ಕ್ಯೂರಿಂಗಿಗೆ ಕಟ್ಟಿದ ನೀರು, ಲಿಫ್ಟಿನ ಗುಂಡಿ. ಕುಡಿಯುವ ನೀರಿಗೆ ಮರಿ ಕೊಲ್ಲುವ ರಾಸಾಯನಿಕ ಟೆಮೆಫಾಸ್ ಹಾಕಬೇಕಾದರೂ ಲೀಟರಿಗೆ 1 ಮಿಲಿಗ್ರಾಂ ದಾಟುವಂತಿಲ್ಲ. ನನ್ನ ಸೊಪ್ಪಿನ ರಸಕ್ಕೆ ಲೋಟದ ನೀರು ಕಷಾಯದಂತಾಗಿತ್ತು. ಅದನ್ನು ತಮ್ಮ ಮನೆ ಟ್ಯಾಂಕಿಗೆ ಯಾರು ಸುರಿಸಿಕೊಳ್ಳುತ್ತಾರೆ ಹೇಳಿ? ಸರಿಯಾದ ಮರಿ ಹುಡುಕಿಕೊಂಡು ಹೋಗಿದ್ದರೆ ಈ ಪ್ರಶ್ನೆ ಟ್ಯಾಂಕಿನ ಹತ್ತಿರವೇ ಹುಟ್ಟುತ್ತಿತ್ತು, ಅಲ್ವಾ?

ಈ ಸೊಳ್ಳೆ ನಮ್ಮ ಕಡೆಗೇ ಸೀಮಿತವಾಗಿಯೂ ಉಳಿದಿಲ್ಲ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಇಥಿಯೋಪಿಯಾದ ಡಿರೆ ದಾವಾ ನಗರದಲ್ಲಿ ಮಲೇರಿಯಾ ಎದ್ದಾಗ ಕೆಲಸ ಮಾಡಿದ್ದು ಇದೇ. ನೀರು ಕೂಡಿಡುವ ಊರು ಬೆಳೆದ ಕಡೆಯೆಲ್ಲ ಇದಕ್ಕೆ ಜಾಗ.

ಆದ್ದರಿಂದ ಲ್ಯಾಬ್ ಬಿಟ್ಟು ತಾರಸಿ ಹತ್ತಿ. ಒಂದು ವಾರ್ಡ್ ಹಿಡಿಯಿರಿ. ಯಾವ ಟ್ಯಾಂಕಿಗೆ ಮುಚ್ಚಳ ಇದೆ, ತಾರಸಿಯ ಬೀಗದ ಕೈ ಯಾರ ಹತ್ತಿರ, ಮರಿ ಸಿಕ್ಕಿದ್ದು ಎಲ್ಲಿ, ಬರೆದುಕೊಳ್ಳಿ. ಮಾಲೀಕ ಮುಂಬೈಯಲ್ಲೋ ದುಬೈಯಲ್ಲೋ ಇರುವ ಫ್ಲ್ಯಾಟ್‌ಗಳನ್ನು ಬಿಡಬೇಡಿ. ಬಾಗಿಲು ತೆಗೆದವರ ಮನೆಗಳನ್ನಷ್ಟೇ ಎಣಿಸಿ ಬಂದರೆ ಅದೂ ಚರಂಡಿಗೆ ಸೌಟು ಹಾಕಿದ ಹಾಗೆಯೇ.

ಕಟ್ಟಡ ಕೆಲಸದವರ ವಿಷಯ ಇನ್ನೂ ದೊಡ್ಡದು. ಮಂಗಳೂರಿನ ಮಲೇರಿಯಾದಲ್ಲಿ ವೈವಾಕ್ಸ್ ಅನ್ನುವ ಜಾತಿಯ ಪರಾವಲಂಬಿ ಜಾಸ್ತಿ. ಆ ಪರಾವಲಂಬಿ ಲಿವರಿನಲ್ಲಿ ಅಡಗಿ ಕೂರುತ್ತದೆ. ಕ್ಲೋರೋಕ್ವಿನ್ 3 ದಿನ ತಗೊಂಡರೆ ಜ್ವರ ಬಿಡುತ್ತದೆ. ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಕೊಡಬೇಕು, ಅದು 14 ದಿನ. ಜ್ವರ ಬಿಟ್ಟ ಕೂಲಿಯವನು ಕೆಲಸಕ್ಕೆ ಹೋಗುತ್ತಾನೆ, ಸೈಟ್ ಬದಲಾಗುತ್ತದೆ, ಮಾತ್ರೆ ಅಲ್ಲೇ ಉಳಿಯುತ್ತದೆ. ಎಷ್ಟು ಜನ ಪೂರ್ತಿ ನುಂಗುತ್ತಾರೆ ಅಂತ ನೋಡಿದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್. ಆದರೆ ಜನರ ಮೇಲೆ ಅಧ್ಯಯನ ಅಂದರೆ ನೈತಿಕ ಸಮಿತಿಯ ಅನುಮತಿ ಬೇಕು, ಈಗಲೇ ಅರ್ಜಿ ಹಾಕಿ.

ಗೈಡ್ ಎಲೆಯೇ ಆಗಬೇಕು ಅಂತ ಹಟ ಹಿಡಿದರೆ ಟ್ಯಾಂಕಿನಿಂದ ಮರಿ ತನ್ನಿ. ಕೆಲವನ್ನು ಸೊಳ್ಳೆಯಾಗಲು ಬಿಟ್ಟು ಜಾತಿ ಗುರುತಿಸಿ. ರಸ ತೆಗೆಯಲು ಬಳಸಿದ ಆಲ್ಕೋಹಾಲನ್ನಷ್ಟೇ ಹಾಕಿದ ಒಂದು ಲೋಟವನ್ನೂ ಪಕ್ಕದಲ್ಲಿಡಿ. ಇಲ್ಲದಿದ್ದರೆ ಮರಿ ಸತ್ತದ್ದು ಎಲೆಯಿಂದಲೋ ಆಲ್ಕೋಹಾಲಿನಿಂದಲೋ ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.