ಇಲ್ಲದ ನಿಲ್ದಾಣಕ್ಕೆ ದಾರಿ ಕೇಳಿದವರು

ಓದುಗರ ಪತ್ರ: ರಾವಲ್ಪಿಂಡಿಯ ಸೆರೆಯಿಂದ ಪಾರಾದ ನಮ್ಮ ಪೈಲಟ್‌ಗಳು ಗಡಿಯ ಬಳಿ ಸಿಕ್ಕಿಬಿದ್ದದ್ದು ‘ಬರೀ ದುರದೃಷ್ಟ’ ಎಂದು ಬರೆದಿದ್ದೀರಿ. ಹೌದೇ? ಸಮವಸ್ತ್ರ ಬಿಟ್ಟು ಓಡಿದವರನ್ನು ಗೂಢಚಾರರೆಂದು ಶಿಕ್ಷಿಸಬಹುದಿತ್ತಲ್ಲವೇ?

ಸಂಪಾದಕರ ಉತ್ತರ: ದುರದೃಷ್ಟ ಎಂದದ್ದು ನಮ್ಮ ಅವಸರದ ಮಾತು, ಹಿಂತೆಗೆದುಕೊಂಡಿದ್ದೇವೆ. ಅವರನ್ನು ಹಿಡಿದುಕೊಟ್ಟದ್ದು ಹಳೆಯ ಮಾಹಿತಿ.

1971ರ ಭಾರತ-ಪಾಕ್ ಯುದ್ಧದಲ್ಲಿ, ಡಿಸೆಂಬರ್ 10ರಂದು, ಸುಖೋಯ್-7 ಯುದ್ಧವಿಮಾನ ಹೊಡೆತಕ್ಕೆ ಸಿಕ್ಕಿ ಸೆರೆಯಾದವರು ದಿಲೀಪ್ ಪರೂಳ್ಕರ್. ಅವರೂ ಎಂ.ಎಸ್. ಗ್ರೇವಾಲ್, ಹರೀಶ್ ಸಿನ್ಹಜಿ ಅವರೂ ಶಿಬಿರದಿಂದ ಹೊರಬಿದ್ದದ್ದು 1972ರ ಆಗಸ್ಟ್ 12-13ರ ರಾತ್ರಿ. ಕೊರೆದು ಹೊರಬರಬೇಕಿದ್ದ ಗೋಡೆಯ ದಪ್ಪ ಸುಮಾರು 18 ಅಂಗುಲ. ಇಟ್ಟಿಗೆ ಸಂದಿನ ಗಾರೆ ಕೆರೆಯುವುದು ಕಷ್ಟವಾದರೂ ಆಗುವ ಕೆಲಸ. ಉದುರಿದ ಪುಡಿಯನ್ನು ಮಂಚದಡಿಯ ರೆಡ್‌ಕ್ರಾಸ್ ಪೆಟ್ಟಿಗೆಗಳಿಗೆ ತುಂಬಬಹುದು. ಪೇಚಿಗೆ ಸಿಕ್ಕಿಸಿದ್ದು ಹೊರಮೈಯ ಗಿಲಾವು. ಅದನ್ನು ಮೊದಲೇ ಒಡೆದರೆ ತೂತು ಹೊರಗಿನವರ ಕಣ್ಣಿಗೆ ಬೀಳುತ್ತದೆ, ಕೊನೆಗೆ ಉಳಿಸಿಕೊಂಡರೆ ಸದ್ದು ಮಾಡದೆ ಒಡೆಯಲಾಗುವುದಿಲ್ಲ. ಮೊದಲ ಪ್ರಯತ್ನ ಕೆಟ್ಟದ್ದು ಅಲ್ಲಿಯೇ. ಗಾಳಿಮಳೆಯ ಆ ರಾತ್ರಿ ಸದ್ದೂ ಮುಚ್ಚಿತು, ಕಾವಲೂ ಸಡಿಲಾಯಿತು.

ಪೂರ್ವಕ್ಕೆ, ಭಾರತದ ಗಡಿಯಲ್ಲಿ ಎರಡೂ ಸೇನೆಗಳು ಎದುರುಬದುರು ನಿಂತಿದ್ದವು. ಹಾಗಾಗಿ ಪಶ್ಚಿಮಕ್ಕೆ, ಅಫ್ಘಾನಿಸ್ತಾನದತ್ತ. ಪೇಶಾವರ, ಜಮ್ರುದ್ ದಾಟಿ ಬೆಳಗ್ಗೆಯೇ ಲಂಡಿ ಕೋತಲ್ ಸೇರಿದರು. ಗಡಿ ಹತ್ತು ಕಿಲೋಮೀಟರಿನೊಳಗೇ ಇತ್ತು. ಆಮೇಲೆ ಲಂಡಿ ಖಾನಾಕ್ಕೆ ದಾರಿ ಕೇಳಿದರು. ಖೈಬರ್ ರೈಲುಮಾರ್ಗದ ಆ ಕೊನೆಯ ನಿಲ್ದಾಣ 1926ರಲ್ಲಿ ತೆರೆದು 1932ರಲ್ಲೇ ಮುಚ್ಚಿತ್ತು! ಸ್ಥಳೀಯರು ಬಿಟ್ಟೇಬಿಟ್ಟಿದ್ದ ಹೆಸರು ಪರವೂರಿನವರ ಬಾಯಲ್ಲಿ ಬಂದರೆ ಅನುಮಾನ ಹುಟ್ಟದೆ ಇರುತ್ತದೆಯೇ? ತಹಶೀಲ್ದಾರ್ ಕಚೇರಿಯ ಗುಮಾಸ್ತನೊಬ್ಬ ಪ್ರಶ್ನೆ ಶುರುಮಾಡಿದ. ಗಡಿ ದಾಟುವ ಊರಾದ ‘ತೋರ್ಖಮ್’ ಎಂದು ಕೇಳಿದ್ದರೆ ಸಾಕಿತ್ತೇನೋ.

ಸಿಕ್ಕಿಬಿದ್ದವರಿಗೆ ಆ ಬುಡಕಟ್ಟು ಸೀಮೆಯಲ್ಲಿ ಗುಂಡೇಟೂ ಬೀಳಬಹುದಿತ್ತು. ಶಿಬಿರದ ಮಾಜಿ ಮುಖ್ಯಸ್ಥ ಉಸ್ಮಾನ್ ಹಮೀದ್ ಆಗ ಪಾಕ್ ವಾಯುಪಡೆಯ ಮುಖ್ಯಸ್ಥರ ಎಡಿಸಿ (ಆಪ್ತ ಸಹಾಯಕ ಅಧಿಕಾರಿ) ಆಗಿದ್ದರು. ತಮ್ಮನ್ನು ಬಲ್ಲ ಅವರಿಗೆ ಫೋನು ಮಾಡಿಸಿ ಎಂದು ಪರೂಳ್ಕರ್ ಪಟ್ಟುಹಿಡಿದರು. ಇಡೀ ಸಾಹಸದಲ್ಲಿ ನಮಗೆ ಎಲ್ಲಕ್ಕಿಂತ ಜಾಣ ನಡೆ ಅನ್ನಿಸುವುದು ಇದೇ.

ಇನ್ನು ಗೂಢಚಾರರ ಮಾತು. 1949ರ ಮೂರನೇ ಜಿನೀವಾ ಒಪ್ಪಂದದ 93ನೇ ವಿಧಿ ಇದನ್ನು ನೇರವಾಗಿಯೇ ಹೇಳುತ್ತದೆ: ಯಾರಿಗೂ ಗಾಯ ಮಾಡದೆ, ತಪ್ಪಿಸಿಕೊಳ್ಳಲೆಂದೇ ಕೈದಿಯು ನಾಗರಿಕ ಉಡುಪು ತೊಟ್ಟರೆ, ಸುಳ್ಳು ಕಾಗದಪತ್ರ ಬಳಸಿದರೆ ಅದು ಶಿಸ್ತುಕ್ರಮಕ್ಕೆ ಮಾತ್ರ ವಿಷಯ. 90ನೇ ವಿಧಿಯಂತೆ ಅಂಥ ಶಿಕ್ಷೆ 30 ದಿನ ಮೀರುವಂತಿಲ್ಲ. ಓಟ ಸಫಲವಾಗಿ ಸ್ವಂತ ಸೇನೆ ಸೇರಿದವನು ಮುಂದೊಮ್ಮೆ ಮತ್ತೆ ಸೆರೆಸಿಕ್ಕರೆ ಹಳೆಯ ಓಟಕ್ಕೆ ಶಿಕ್ಷೆಯೇ ಇಲ್ಲ. ಅದು 91ನೇ ವಿಧಿ.

ಮೂವರೂ 1972ರ ಡಿಸೆಂಬರ್ 1ರಂದು ಉಳಿದ ಕೈದಿಗಳ ಜತೆ ವಾಘಾ ದಾಟಿ ಬಂದರು.